ಬಲಕ್ಕೇ ಹಾರ್ತೀನಿ

“ಫೈನಲ್ ಪೆನಾಲ್ಟಿವರೆಗೂ ಹೋದ್ರೆ ಅವರಿಗ್ಯಾಕೆ ಸುಮ್ನೆ ತಲೆನೋವು? ಈಗ್ಲೇ ಹೇಳ್ಬಿಡ್ತೀನಿ, ಬರ್ಕೊಳ್ಳಿ,” ಎಂದಳು ಗೋಲ್‌ಕೀಪರ್. “ಐದಕ್ಕೆ ಐದೂ ನನ್ನ ಬಲಗಡೆಗೇ ಹಾರ್ತೀನಿ. ಎಡಗಡೆ ಪೂರ್ತಿ ಅವರಿಗೇ ಬಿಟ್ಟಿದೀನಿ. ಆದ್ರೂ ಕಪ್ ನಮ್ದೇ.”

ಪತ್ರಕರ್ತರು ಹೋ ಎಂದರು. ಪಕ್ಕದಲ್ಲಿ ಕುಳಿತಿದ್ದ ತಂಡದ ಮ್ಯಾನೇಜರ್ ಕುಡಿಯುತ್ತಿದ್ದ ನೀರು ನೆತ್ತಿಗೆ ಹತ್ತಿತು.

ಆಟಗಾರ್ತಿಯರು ಅವರಿಗೆ ಇಟ್ಟಿದ್ದ ಹೆಸರು ವಿನಯಪ್ಪ. ಮೈಕಿನ ಮುಂದೆ ಹೋಗುವ ಪ್ರತಿಯೊಬ್ಬಳಿಗೂ ಮೂರು ವಾಕ್ಯ ಬಾಯಿಪಾಠ ಮಾಡಿಸುವುದು ಅವರ ಕಸುಬು. ಎದುರಾಳಿಗಳು ಬಲಿಷ್ಠರು. ನಮ್ಮ ಕೈಲಾದದ್ದು ಮಾಡುತ್ತೇವೆ. ಉಳಿದದ್ದು ದೈವೇಚ್ಛೆ. ಊಟ ಹೇಗಿತ್ತು ಎಂದು ಕೇಳಿದರೂ ಇದನ್ನೇ ಒಪ್ಪಿಸುವಷ್ಟು ಹುಡುಗಿಯರು ಪಳಗಿದ್ದರು. ಇವಳೊಬ್ಬಳನ್ನು ಬಿಟ್ಟು.

ಹೊರಗೆ ಬಂದದ್ದೇ ವಿನಯಪ್ಪನವರು ಹಲ್ಲು ಕಡಿದರು. “ಕೈಲಾದದ್ದು ಮಾಡ್ತೀವಿ ಅಂತ ಹೇಳಮ್ಮ ಅಂತ ನೂರು ಸಲ ಬಡ್ಕೊಂಡೆ!”

“ಅದನ್ನೇ ಅಲ್ವಾ ಸಾರ್ ಹೇಳಿದ್ದು? ನನ್ನ ಕೈಲಿ ಆಗೋದನ್ನೇ ಹೇಳಿದೀನಿ.”

ಸಂಜೆ ಟೀವಿಯಲ್ಲಿ, ಕ್ರೀಡಾಪಟುಗಳು ಬಾಯಿ ತೆರೆಯಬೇಕೇ ಎಂಬ ವಿಷಯದ ಮೇಲೆ, ಎಂದೂ ಬಾಯಿ ಮುಚ್ಚದ ನಾಲ್ವರು ಚರ್ಚಿಸಿದರು. ತೆರೆಯಬಾರದು ಎಂದು ತೀರ್ಮಾನವಾಯಿತು. ಫುಟ್‌ಬಾಲ್ ಸಂಘದ ಅಧ್ಯಕ್ಷರ ಫೋನೂ ಬಂತು. “ಅವಳ ಬಾಯಿಂದ ಕಪ್ ಹೋದ್ರೆ, ಅವಳ ಜೊತೆ ನೀವೂ ಮನೆಗೆ.”

ವಿನಯಪ್ಪನವರಿಗೆ ನಿದ್ದೆ ಬರಲಿಲ್ಲ. ಒಂದು ನೆಪ ಸಿಕ್ಕರೆ ಸಾಕು, ಅವಳನ್ನು ಬೆಂಚಿನ ಮೇಲೆ ಕೂರಿಸಿ ಎರಡನೇ ಗೋಲ್‌ಕೀಪರನ್ನು ಇಳಿಸಲು ಅವರು ತುದಿಗಾಲಲ್ಲಿ ನಿಂತಿದ್ದರು. ಅದು ಅವಳಿಗೂ ಗೊತ್ತಿತ್ತು. ಹದಿನಾರು ವರ್ಷ ಆಡಿ ಒಂದು ಕಪ್ಪನ್ನೂ ಮುಟ್ಟಿರದವಳಿಗೆ ಇದು ಕೊನೆಯ ಫೈನಲ್. ಹಾಳಾದದ್ದು, ನಿಯಮದ ಪುಸ್ತಕದಲ್ಲಿ ಬಾಯಿಜೋರು ಎನ್ನುವುದು ನೆಪವಾಗಿರಲಿಲ್ಲ.

ಅಹಂಕಾರವಾದರೂ ಎಷ್ಟು! ಸೆಮಿಫೈನಲ್‌ನಲ್ಲಿ ಗೋಲ್ ಕಂಬಕ್ಕೆ ಡಿಕ್ಕಿ ಹೊಡೆದು ಬಿದ್ದಾಗ, ಓಡಿಬಂದ ಡಾಕ್ಟರಮ್ಮನನ್ನು “ಮೊದ್ಲು ಕಂಬಾನ ನೋಡಿ, ಪಾಪ, ಅದಕ್ಕೇ ಜಾಸ್ತಿ ಪೆಟ್ಟಾಗಿದೆ” ಎಂದು ವಾಪಸ್ ಕಳಿಸಿದ್ದಳು. ಸೆಮಿಫೈನಲ್ ಗೆದ್ದ ಮೇಲಂತೂ ಕೊಬ್ಬು ನೆತ್ತಿಗೇರಿತ್ತು. ಮಹಾರಾಣಿಯ ಬ್ಯಾಗನ್ನು ಕಿರಿಯ ಆಟಗಾರ್ತಿ ಹೊರಬೇಕು. ಅಭಿಮಾನಿಗಳು ಕೂಗಿದರೆ ಒಂದೇ ಕೈ ಎತ್ತುವಳು, ಎರಡೂ ಎತ್ತಿದರೆ ಕಿರೀಟ ಬೀಳುವಂತೆ. ಫೈನಲ್ ದಿನ ಜಡೆ ಹಾಕಲು ಊರಿನಿಂದ ತಂಗಿಯೇ ಬರಬೇಕಾಯಿತು.

ಡ್ರೆಸ್ಸಿಂಗ್ ರೂಮಿನ ಬಾಗಿಲಲ್ಲಿ ವಿನಯಪ್ಪನವರ ಕಿವಿಗೆ ಅಕ್ಕತಂಗಿಯರ ಮಾತು ಬಿತ್ತು.

“ಇನ್ನೂ ಹೊತ್ತು ಮೀರಿಲ್ಲ, ಬಾಯ್ಬಿಟ್ಟು ಹೇಳ್ಬಿಡೇ ಅಕ್ಕಾ.”

“ಊರಿಗೆಲ್ಲಾ ಹೇಳಿದೀನಲ್ಲೇ. ಯಾರೂ ನಂಬದಿದ್ರೆ ನಾನೇನು ಮಾಡ್ಲಿ?”

ಇನ್ನೂ ಹೇಳುವುದು ಬಾಕಿ ಇದೆಯೇ ಎಂದು ಅವರು ತಲೆ ಚಚ್ಚಿಕೊಂಡರು.

ಪಂದ್ಯದುದ್ದಕ್ಕೂ ಅವಳು ಎಡಗಂಬಕ್ಕೆ ಅಂಟಿಕೊಂಡು ನಿಂತಳು. ಬಲಗಡೆ ಮನೆಬಾಗಿಲು ತೆರೆದಿಟ್ಟ ಹಾಗೆ. “ಸರಿಯಾಗಿ ನಿಂತ್ಕೊಳೇ ಬಜಾರಿ!” ಎಂದು ವಿನಯಪ್ಪನವರು ತಮ್ಮ ವಿನಯವನ್ನೆಲ್ಲ ಮರೆತು ಕಿರುಚಿದರು. ಎರಡೂ ಕಡೆ ಗೋಲಿಲ್ಲದೆ ಆಟ ಮುಗಿಯಿತು. ಅವರು ಹೆದರಿದ್ದೇ ಆಯಿತು, ಪೆನಾಲ್ಟಿ.

ನಮ್ಮ ಹುಡುಗಿಯರು ಐದರಲ್ಲಿ ಎರಡನ್ನು ಗೋಲಿಗೆ ಹೊಡೆದು, ಉಳಿದದ್ದನ್ನು ಗ್ಯಾಲರಿಗೆ ದಾನ ಮಾಡಿದರು.

ಎದುರಾಳಿಗಳು ಬುದ್ಧಿವಂತರು. ಬಲಕ್ಕೆ ಹಾರುತ್ತೇನೆ ಎಂದು ಡಂಗುರ ಸಾರಿದವಳು ಎಡಕ್ಕೇ ಹಾರುತ್ತಾಳೆ, ಅಷ್ಟೂ ಗೊತ್ತಾಗದೇ? ಮೊದಲನೆಯವಳು ಗೋಲ್‌ಕೀಪರಳ ಬಲಕ್ಕೆ ಹೊಡೆದಳು. ಗೋಲ್‌ಕೀಪರ್ ಬಲಕ್ಕೇ ಹಾರಿ ಚೆಂಡನ್ನು ಹೊರಗಟ್ಟಿದಳು. ಒಂದು ಸಲ ನಿಜ ಹೇಳಿದವಳು ಎರಡನೇ ಸಲವೂ ಹೇಳುತ್ತಾಳೆಯೇ? ಎರಡನೆಯವಳೂ ಬಲಕ್ಕೆ ಹೊಡೆದಳು. ಅದೂ ಹೋಯಿತು. ಮೂರನೆಯವಳು ದಡ್ಡಿ, ಹೇಳಿದ್ದನ್ನು ನಂಬುವವಳು. ಎಡಕ್ಕೆ ಒದ್ದಳು, ಗೋಲು! ಆಗಲೂ ನಮ್ಮವಳು ಬಲಗಡೆಯ ಹುಲ್ಲಿನ ಮೇಲೇ ಬಿದ್ದಿದ್ದಳು.

“ಈಗಲಾದ್ರೂ ಎಡಕ್ಕೆ ಹಾರೇ!” ಎಂದರು ವಿನಯಪ್ಪನವರು.

ನಾಲ್ಕನೆಯವಳಿಗೂ ಹಾಗೇ ಅನ್ನಿಸಿತು. ಪೆಟ್ಟು ತಿಂದವಳು ಇನ್ನು ಎಡಕ್ಕೇ ಹಾರುವುದು ಖಂಡಿತ ಎಂದು ಬಲಕ್ಕೆ ಒದ್ದಳು, ಚೆಂಡು ನೇರ ಅವಳ ಬಲಗೈಗೆ ಬಂತು. ಐದನೆಯವಳು ಎಡ ಬಲ ಎರಡೂ ಮರೆತು ಆಕಾಶಕ್ಕೆ ಹೊಡೆದಳು.

ಕಪ್ ನಮ್ಮದಾಯಿತು. ಅದನ್ನೂ ಆ ಮಹಾರಾಣಿ ಒಂದೇ ಕೈಯಲ್ಲಿ ಎತ್ತಿದಳು.

ಕ್ಯಾಮೆರಾಗಳು ಬರುವಷ್ಟರಲ್ಲಿ ವಿನಯಪ್ಪನವರು ಅವಳ ಮಗ್ಗುಲಲ್ಲಿದ್ದರು. “ಆಟಗಾರರು ಮನಸ್ಸಲ್ಲಿರೋದನ್ನ ಧೈರ್ಯವಾಗಿ ಹೇಳ್ಬೇಕು ಅಂತ ನಾನು ಮೊದಲಿಂದ್ಲೂ ಹೇಳ್ಕೊಂಡು ಬಂದಿದೀನಿ. ಈ ಬಲಕ್ಕೆ ಹಾರೋ ತಂತ್ರ ಇದ್ಯಲ್ಲ, ನಾವಿಬ್ರೂ ಕೂತು ಮಾಡಿದ್ದು,” ಎಂದು ಹೆಮ್ಮೆಯಿಂದ ಅವಳ ಎಡಭುಜ ತಟ್ಟಿದರು.

ಅವಳು ಆ ಭುಜವನ್ನು ಅವುಚಿಕೊಂಡಳು. ಕುಸಿದು ಕುಳಿತಳು. ತಂಗಿ ಚೀರುತ್ತಾ ಓಡಿಬಂದಳು. ಡಾಕ್ಟರಮ್ಮ ಕತ್ತರಿಯಿಂದ ಜೆರ್ಸಿಯ ತೋಳು ಸೀಳಿದರು. ಭುಜ ಬದನೆಕಾಯಿಯ ಬಣ್ಣಕ್ಕೆ ತಿರುಗಿ ಊದಿಕೊಂಡಿತ್ತು.

“ಇದು ಇವತ್ತಿನ ಪೆಟ್ಟಲ್ಲ, ಆ ಕಂಬದ್ದು,” ಎಂದರು ಡಾಕ್ಟರಮ್ಮ. “ಈ ಕೈ ಎದೆಮಟ್ಟಕ್ಕೂ ಏಳಲ್ವಲ್ಲೇ! ಇದನ್ನಿಟ್ಕೊಂಡು ಎಡಕ್ಕೆ ಹೇಗೆ ಹಾರ್ತಿದ್ದೆ?”

“ಎಡಕ್ಕೆ ಹಾರ್ತೀನಿ ಅಂತ ನಾನ್ಯಾವಾಗ ಹೇಳ್ದೆ, ಡಾಕ್ಟರಮ್ಮ?”