ಕಾಯೋ ಹಣ್ಣೋ

ದೂರು ಕೊಟ್ಟವರು ಯಾರು?

ಪುಟ್ಟಸ್ವಾಮಿ ಮೇಸ್ತ್ರಿ ಸ್ಟೋರಿನ ಬಾಗಿಲಲ್ಲಿ ನಿಂತು, ಒಳಗೆ ಗೋಣಿತಾಟಿನ ಮೇಲೆ ಕೂತ ಮೂವತ್ತೆರಡು ಹೆಂಗಸರ ಮುಖಗಳನ್ನು ಒಂದೊಂದಾಗಿ ಜಾಲಾಡಿದ. ಎಲ್ಲರೂ ನೆಲ ನೋಡುತ್ತಿದ್ದರು. ಗಂಗಾಮಣಿ ಒಬ್ಬಳು ಮಾತ್ರ ನೇರ ಅವನನ್ನೇ ನೋಡಿದಳು. ಇವಳೇ, ಮತ್ತಿನ್ಯಾರು!

ವನಗೂರಿನ ಆ ಕಾಫಿ ಎಸ್ಟೇಟಿನಲ್ಲಿ ಆಳುಗಳನ್ನು ಕೂರಿಸಿ ಕೊಡುವ ಇಂಥ ತರಬೇತಿ ಹೊಸದು. 2006ರ ಡಿಸೆಂಬರ್, ಕೊಯ್ಲಿನ ಭರ. ಆಳುಗಳನ್ನು ಮನುಷ್ಯರ ಹಾಗೆ ನೋಡಿಕೊಳ್ಳುತ್ತೀರಾ ಎಂದು ಕಾಫಿ ಕೊಳ್ಳುವ ಹೊರದೇಶದವರು ಕೇಳಿದ್ದರಂತೆ. ಅದಕ್ಕೇ ಸಾಹುಕಾರ ಸಿಪ್ರಿಯನ್ ಅವರು ಮಂಗಳೂರಿನಿಂದ ತರಬೇತಿಯ ಮೊಡೆಸ್ಟಾ ಮೇಡಂ ಅವರನ್ನು ಕರೆಸಿದ್ದರು. ಬೆಳಿಗ್ಗೆಯೇ ಸಾಹುಕಾರರು ಪುಟ್ಟಸ್ವಾಮಿಯನ್ನು ಬದಿಗೆ ಕರೆದು ಹೇಳಿಯೂ ಆಗಿತ್ತು.

"ನಿಮ್ಮ ಬಾಯಿ ಬಗ್ಗೆ ದೂರು ಬಂದಿದೆ ಮಾರಾಯ್ರೇ. ಇವತ್ತು ಆಳುಗಳನ್ನೇ ಕೇಳ್ತೇವೆ. ಅರ್ಧಕ್ಕಿಂತ ಹೆಚ್ಚು ಜನ ಬೇಡ ಅಂದ್ರೆ ಮೇಸ್ತ್ರಿ ಕೆಲಸ ಬಿಡ್ಬೇಕು."

ಕೆಲಸ ಹೋದರೆ ಎಸ್ಟೇಟಿನವರು ಕೊಟ್ಟ ಮನೆಯೂ ಹೋಗುತ್ತದೆ. ಐವತ್ತು ದಾಟಿದ ಮೇಲೆ ಹೆಂಡತಿ ನಾಗರತ್ನಮ್ಮನನ್ನು ಕರೆದುಕೊಂಡು ಎಲ್ಲಿಗೆ ಹೋಗುವುದು? ಬೇರೆ ಎಸ್ಟೇಟಿನಲ್ಲಿ ಹೊಸ ಜನರ ನಡುವೆ ಮೇಸ್ತ್ರಿಯಾಗುವುದಂತೂ ಅವನಿಂದ ಆಗದ ಮಾತು. ಯಾಕೆ ಆಗದು ಎಂಬುದು ಅವನೊಬ್ಬನಿಗೇ ಗೊತ್ತು.

ಬಾಯಿ ಕೆಟ್ಟದ್ದು, ಅದು ಸುಳ್ಳಲ್ಲ. ಸಂಜೆ ಹೆಂಗಸರು ಚೀಲ ಹೊತ್ತು ತೂಕದ ಹತ್ತಿರ ಬರುವ ಮೊದಲೇ ಶುರು. "ಕಾಯಿ ಕಿತ್ಕೊಂಡ್ ಬಂದಿದ್ದೀಯೇನೇ? ಕಣ್ಣಿಲ್ವಾ ನಿಂಗೆ? ಸುರಿ, ಆರ್ಸು!" ಚೀಲ ಬಿಚ್ಚಿಸಿ ನೋಡಿ ಬಯ್ಯುವ ಪದ್ಧತಿಯೇ ಇಲ್ಲ. ಎಲ್ಲರಿಗೂ ಸಮಪಾಲು. ಬೈಸಿಕೊಂಡವರು ಟಾರ್ಪಾಲಿನ ಮೇಲೆ ಸುರಿದು, ಹಸಿರು ಕಾಯಿ ಬೇರೆ, ಕೆಂಪು ಹಣ್ಣು ಬೇರೆ ಮಾಡಬೇಕು. ಆಮೇಲೆ ಅವನು ಹಣ್ಣಿನ ರಾಶಿಗೆ ಕೈಹಾಕಿ ನಾಲ್ಕನ್ನು ಹಿಚುಕುವನು. ಬೀಜ ಪುಳಕ್ಕನೆ ಜಾರಿದರೆ ಸರಿ. "ಕಣ್ಣು ಮೋಸ ಮಾಡ್ತೈತೆ, ಬೆರಳು ಮಾಡಲ್ಲ ಕಣ್ರೇ" ಎಂದು ಜಂಬ ಬೇರೆ. ಆದರೆ ತೂಕದಲ್ಲಿ ಒಂದು ಗುಲಗಂಜಿ ಮೋಸ ಮಾಡಿದವನಲ್ಲ, ಅದನ್ನೂ ಹೇಳಬೇಕು.

ಇದರ ನಡುವೆ ಗಂಗಾಮಣಿಯ ಕಾಟ. ತನ್ನ ಚೀಲ ತೂಗಿ ಮುಗಿದರೂ ಮನೆಗೆ ಹೋಗದೆ, ಅವನ ಪಕ್ಕದಲ್ಲೇ ನಿಂತು ಬೇರೆಯವರ ರಾಶಿಗೆ ಮೂಗು ತೂರಿಸುವಳು. "ಇದ್ರಲ್ಲಿ ಇನ್ನೂ ಕಾಯಿ ಐತೆ ಮೇಸ್ತ್ರಿ." ಮೇಸ್ತ್ರಿ ನಾನೋ ನೀನೋ ಎಂದು ಅವಳಿಗೆ ಎರಡು ಪಾಲು ಬೈಗುಳ. ಹೋಗಲಿ, ಮನೆಯಲ್ಲಾದರೂ ಆ ಬಾಯಿ ಸುಮ್ಮನಿತ್ತೇ? ಗೌರಿ ಹಬ್ಬಕ್ಕೆ ಹಸಿರು ಬಳೆ ಹೇಳಿದರೆ ಸಕಲೇಶಪುರದಿಂದ ಕೆಂಪು ಬಳೆ ತಂದಿದ್ದ. "ಹೇಳಿದ್ದು ಕಿವಿಗೇ ಬೀಳಲ್ವಲ್ಲ ನಿಮ್ಗೆ!" ಎಂದ ನಾಗರತ್ನಮ್ಮನ ಮೇಲೆ ಎರಡು ದಿನ ಹಾರಾಡಿದ್ದ.

ಮೊಡೆಸ್ಟಾ ಮೇಡಂ ಮಾತು ಶುರುಮಾಡಿದರು. "ಒಬ್ಬೊಬ್ಬರಿಗೆ ಒಂದೊಂದು ತೊಂದರೆ ಇರುತ್ತದೆ. ಹೇಳಿಕೊಳ್ಳಲು ನಾಚಿಕೆ ಬೇಡ. ಅವರಿಗೆ ತಕ್ಕ ಹಾಗೆ ಕೆಲಸ ಹೊಂದಿಸಿಕೊಡುವುದು ದಯೆಯಲ್ಲ, ನ್ಯಾಯ. ಯಾರಿಗಾದರೂ ಇದೆಯಾ?"

ಕಲ್ಯಾಣಮ್ಮ ಮಂಡಿನೋವು ಹೇಳಿಕೊಂಡಳು. ಅವಳಿಗೆ ಇಳಿಜಾರು ಬೇಡ, ಕಣದಲ್ಲೇ ಕೆಲಸ ಕೊಡುವ ಎಂದು ಸಾಹುಕಾರರು ಅಲ್ಲೇ ಒಪ್ಪಿದರು.

"ಇನ್ಯಾರಿಗಾದರೂ?"

ಪುಟ್ಟಸ್ವಾಮಿಯ ನಾಲಗೆಯ ತುದಿಗೆ ಒಂದು ಮಾತು ಬಂತು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ನುಂಗಿಕೊಂಡ.

ಆಮೇಲೆ ಮೇಡಂ ಒಳಕೋಣೆಯ ಬಾಗಿಲ ಮರೆಯಲ್ಲಿ ಒಂದು ಕೊಡ, ಪಕ್ಕದಲ್ಲಿ ಕಾಯಿ-ಹಣ್ಣಿನ ಬುಟ್ಟಿ ಇಡಿಸಿದರು. ಓದುಬರಹ ಬಾರದವರೇ ಹೆಚ್ಚು, ಚೀಟಿ ಆಗದು. "ಮೇಸ್ತ್ರಿ ಇರಲಿ ಅನ್ನುವವರು ಒಂದು ಕೆಂಪು ಹಣ್ಣು, ಬೇಡ ಅನ್ನುವವರು ಒಂದು ಹಸಿರು ಕಾಯಿ ಹಾಕಿ. ಯಾರೂ ನೋಡುವುದಿಲ್ಲ."

ಪುಟ್ಟಸ್ವಾಮಿ ಬಾಗಿಲ ಚೌಕಟ್ಟು ಹಿಡಿದುಕೊಂಡ. ಅಯ್ಯೋ ದೇವರೇ, ಲೋಕದಲ್ಲಿ ಈಯಮ್ಮನಿಗೆ ಬೇರೇನೂ ಸಿಗಲಿಲ್ಲವೇ?

ಒಬ್ಬೊಬ್ಬರೇ ಎದ್ದುಹೋಗಿ ಬಂದರು. ಗಂಗಾಮಣಿ ಕೊನೆಯವಳು. ಎಲ್ಲರಿಗಿಂತ ಹೆಚ್ಚು ಹೊತ್ತು ಒಳಗಿದ್ದಳು.

ಕೊಡವನ್ನು ಬಿಳಿ ಪಂಚೆಯ ಮೇಲೆ ಬೋರಲು ಹಾಕಿದರು. ಪುಟ್ಟಸ್ವಾಮಿ ಥಟ್ಟನೆ ಕೈಚಾಚಿದ.

"ಮುಟ್ಟಬೇಡಿ," ಎಂದರು ಮೇಡಂ. "ನೋಡಿ, ನೀವೇ ಹೇಳಿ."

ಅವನು ಬಗ್ಗಿ ನೋಡಿದ. ಮತ್ತೆ ನೋಡಿದ. ಕಾಯೋ ಹಣ್ಣೋ? ತಲೆಯೆತ್ತಿ ಹೆಂಗಸರ ಮುಖ ನೋಡಿದ. ಒಬ್ಬಳೂ ನಗಲಿಲ್ಲ. ಕಲ್ಯಾಣಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಗಂಗಾಮಣಿ ಮೊದಲ ಸಲ ತಲೆ ತಗ್ಗಿಸಿದ್ದಳು. ಅಷ್ಟು ಸಾಕಾಯಿತು ಅವನಿಗೆ.

ಕೊರಳಿನ ಸೀಟಿ ಬಿಚ್ಚಿ ಮೇಜಿನ ಮೇಲಿಟ್ಟ. "ಆಯ್ತು ಸಾಹುಕಾರ್ರೇ. ಜನಕ್ಕೇ ಬ್ಯಾಡ ಅಂದ್ಮೇಲೆ ಇನ್ನೇನು. ನಾಳೆ ಮನೆ ಖಾಲಿ ಮಾಡ್ತೀನಿ." ಮಾತು ಮುಗಿಯುವ ಮೊದಲೇ ಕಣ್ಣು ತುಂಬಿತು.

ಸಿಪ್ರಿಯನ್ ಬಾಯಿ ಬಿಟ್ಟುಕೊಂಡು ನೋಡಿದರು. "ನಿಮಗೇನು ತಲೆ ಕೆಟ್ಟಿದೆಯಾ? ಮೂವತ್ತೊಂದು ಹಣ್ಣು, ಒಂದೇ ಒಂದು ಕಾಯಿ! ಕಣ್ಣೆದುರಿಗೇ ಬಿದ್ದಿದೆಯಲ್ಲ!"

ಗಂಗಾಮಣಿ ಎದ್ದು ಬಂದು, ಮೇಜಿನ ಮೇಲಿದ್ದ ಸೀಟಿ ತೆಗೆದು ಅವನ ಅಂಗೈಗಿಟ್ಟಳು.

"ಆ ಒಂದ್ ಕಾಯಿ ನಂದು ಮೇಸ್ತ್ರಿ, ನಿಮ್ ಬಾಯಿಗೆ ಹಾಕಿದ್ದು; ಕೆಂಪು-ಹಸಿರು ನಿಮ್ ಕಣ್ಣಿಗೆ ಒಂದೇ ಅಂತ ಹನ್ನೆರಡು ವರ್ಷದಿಂದ ನಮ್ಗೆಲ್ಲಾ ಗೊತ್ತೈತೆ, ಬಯ್ಯೋ ಬದ್ಲು ಕೇಳಿದ್ರೆ ನಾವು ಹೇಳ್ತಿರ್ಲಿಲ್ವಾ?"