ಪುಣೆಗೆ ಹೊರಟ ಹಳೇ ಕಾರು

ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಕಾರು ಕೊಂಡ ತಿಂಗಳಿಗೇ ವಿಶಾಲಾಕ್ಷಿ ಅದರಲ್ಲಿ ಧಾರವಾಡದಿಂದ ಪುಣೆಗೆ ಹೊರಟು ನಿಂತರು. ಗೆಳತಿಯ ಮನೆಗೆ ಒಬ್ಬಳೇ ಹೋಗುತ್ತೇನೆಂದು ಮಗಳಿಗೆ ಹೇಳಿದ್ದರು. ನಿಜ ಬೇರೆಯೇ ಇತ್ತು. ಸಂಗೀತದ ಕ್ಲಾಸಿನಲ್ಲಿ ಪರಿಚಯವಾದ ಹಿರೇಮಠ ಸರ್ ಬೆಳಗಾವಿಯಲ್ಲಿ ಕಾರು ಹತ್ತುವವರಿದ್ದರು, ಪುಣೆಯಲ್ಲಿ ಇಬ್ಬರ ಮದುವೆ. ಗಂಡ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದರೂ, ಈ ವಯಸ್ಸಿನಲ್ಲಿ ಮದುವೆ ಎಂದು ಮಗಳೆದುರು ಹೇಳಲು ಅವರಿಗೆ ಬಾಯಿ ಬಂದಿರಲಿಲ್ಲ. ಎದೆ ಮಾತ್ರ ಬೆಳಗಿನಿಂದ ಕುಣಿಯುತ್ತಲೇ ಇತ್ತು.

ಮಗಳು ತೇಜಸ್ವಿನಿ ಟೈರುಗಳಿಗೆ ಗಾಳಿ ಹಾಕಿಸಿಕೊಂಡು ಬಂದಳು. ಹಿಂದಿನ ಸೀಟಿನ ಪಕ್ಕದಲ್ಲಿ ಬ್ಯಾಟರಿಗೆ ಗಾಳಿ ಹೋಗುವ ಜಾಲರಿಯ ಧೂಳನ್ನು ಬ್ರಷ್‌ನಿಂದ ತೆಗೆಯುತ್ತಾ ಕೇಳಿದಳು, “ದಾರ್ಯಾಗ ಎಲ್ಲೆರೆ ನಿಂದರ್ತಿಯೇನವಾ?”

“ಬೆಳಗಾವ್ಯಾಗ ಒಂದ್ ಚಾ ಕುಡೀತೀನಿ.”

“ಒಬ್ಬಾಕೀನ?”

“ಮತ್ಯಾರ ಬರ್ತಾರ ನನ್ನ ಜೋಡಿ?” ಎನ್ನುವಷ್ಟರಲ್ಲಿ ವಿಶಾಲಾಕ್ಷಿಗೆ ನಗು ಉಕ್ಕಿ ಬಂತು. ಅದನ್ನು ಮರೆಮಾಡಲು ಬಾನೆಟ್ಟಿನೊಳಗೆ ಬಗ್ಗಿ, ಆಗಲೇ ತುಂಬಿದ್ದ ವೈಪರಿನ ಡಬ್ಬಿಗೆ ಮತ್ತೆ ನೀರು ಸುರಿದರು. ನೀರು ತುಳುಕಿ ಸೆರಗಿನ ಮೇಲೆ ಚೆಲ್ಲಿತು.

“ಹೊಸಾ ಸೀರಿ ತೊಯ್ತಲ್ಲವಾ.”

“ಹೊಸಾದೆಲ್ಲಿ, ಹಳೇದ ಅದು.”

ತೇಜಸ್ವಿನಿ ಬ್ರಷ್ ಒಳಗಿಟ್ಟು ಬಂದು, ಡ್ರೈವರ್ ಪಕ್ಕದ ಸೀಟನ್ನು ಎರಡೂ ಕೈಯಿಂದ ತಳ್ಳಿ ಪೂರ್ತಿ ಹಿಂದಕ್ಕೆ ಸರಿಸಿದಳು.

“ಯಾಕ ಸರಸ್ತೀಯ ಅದನ್ನ?”

“ಹಿರೇಮಠ ಸರ್ ಭಾಳ ಎತ್ತರ ಅದಾರವಾ. ಪುಣೆ ತನಕಾ ಮೊಣಕಾಲ ಮಡಚಿ ಕುಂತ್ರ, ಮಾಲಿ ಹಾಕೂ ಹೊತ್ತಿಗೆ ನೆಟ್ಟಗ ನಿಂದ್ರಾಕ ಆಗಂಗಿಲ್ಲ.”