ಸೂಮೇಯ ತಪ್ಪುಗಳು

"ಇದು ನಿನ್ನ ತಪ್ಪೊಪ್ಪಿಗೆ. ಒಂದ್ಸಲ ಕಣ್ಣಾಡಿಸ್ಕೋ. ಮೂರು ಗಂಟೆಗೆ ಎಲ್ಲರ ಮುಂದೆ ಓದ್ಬೇಕು" ಎಂದು ಕೋಚ್ ಫಾನ್ ಎರಡು ಹಾಳೆಗಳನ್ನು ಊಟದ ಮೇಜಿನ ಮೇಲಿಟ್ಟ.

ವಾನ್‌ಚಿಂಗ್ ತಟ್ಟೆ ಸರಿಸಿ ಓದಿದಳು. ತಪ್ಪೊಪ್ಪಿಗೆ ಅವಳದ್ದು, ತಪ್ಪುಗಳೆಲ್ಲ ಅವಳ ಜೊತೆಗಾರ್ತಿ ಸೂಮೇಯವು. ಸೂಮೇ ನೆಟ್ ಹತ್ತಿರ ನಿಧಾನ. ಸೂಮೇಯ ಸರ್ವ್‌ನಲ್ಲಿ ಅಳುಕು. ಸೂಮೇಗೆ ಮನೋಬಲ ಸಾಲದು. ಇಷ್ಟೆಲ್ಲ ಗೊತ್ತಿದ್ದೂ ಮೇಲಿನವರ ಕಿವಿಗೆ ಹಾಕದೆ ಸುಮ್ಮನಿದ್ದದ್ದೊಂದೇ ವಾನ್‌ಚಿಂಗ್ ಮಾಡಿದ ಅಪರಾಧ. ಬ್ಯಾಂಕಾಕಿನ ಬ್ಯಾಡ್ಮಿಂಟನ್ ಡಬಲ್ಸ್ ಪಂದ್ಯಾವಳಿಯಲ್ಲಿ ಮೊದಲ ಸುತ್ತಿನಲ್ಲೇ ಸೋತು ಬಂದದ್ದಕ್ಕೆ ಕಾರಣ ಇಷ್ಟೇ ಎಂದು ಹಾಳೆ ಹೇಳುತ್ತಿತ್ತು.

"ಗುರುಗಳೇ, ಕೊನೇ ಗೇಮಲ್ಲಿ ಹನ್ನೊಂದು-ಏಳರಲ್ಲಿ ನಾವೇ ಮುಂದಿದ್ವಿ. ವಿರಾಮದಲ್ಲಿ ನೀವು ಸ್ಮ್ಯಾಶ್ ಹೊಡೆಯೋ ನನ್ನನ್ನ ನೆಟ್‌ಗೆ ಕಳ್ಸಿ, ಅವಳನ್ನ ಹಿಂದಕ್ಕೆ ಹಾಕಿದ್ರಿ. ಅದು ಇದ್ರಲ್ಲಿ ಇಲ್ವಲ್ಲ?"

"ಅದು ತಂತ್ರ. ತಂತ್ರ ಯಾವತ್ತೂ ತಪ್ಪಾಗಲ್ಲ, ಆಡೋರು ತಪ್ತಾರೆ." ಫಾನ್ ಅವಳ ತಟ್ಟೆಯಿಂದಲೇ ಒಂದು ತುಂಡು ಮೀನು ಎತ್ತಿ ಬಾಯಿಗೆ ಹಾಕಿಕೊಂಡ. "ನಿಂಗಿನ್ನೂ ಇಪ್ಪತ್ತು. ನೀನು ಸ್ಮ್ಯಾಶ್ ಹೊಡೆದ್ರೆ ಮೂರು ಪ್ರಾಂತ್ಯಕ್ಕೆ ಕೇಳ್ಸುತ್ತೆ. ನಿನ್ನ ಭುಜಕ್ಕೂ ಬಾರದ ಹುಡುಗೀನ ಕಟ್ಕೊಂಡು ಎಷ್ಟು ದೂರ ಹೋಗ್ತೀಯ? ನಾಳೆಯಿಂದ ಶಿಯಾಲಾನ್ ನಿನ್ನ ಜೊತೆ ಆಡ್ತಾಳೆ. ನಿರ್ದೇಶಕರೇ ಹೇಳಿದಾರೆ."

ನಿರ್ದೇಶಕ ಪೆಂಗ್ ಎರಡು ವರ್ಷದ ಹಿಂದೆ ಈಜು ವಿಭಾಗದಿಂದ ವರ್ಗವಾಗಿ ಬಂದವನು. ಅವನ ಪಾಲಿಗೆ ಡಬಲ್ಸ್ ಎಂದರೆ ಫೋಟೊದಲ್ಲಿ ಸರಿಸಮ ಕಾಣುವ ಇಬ್ಬರು ಎತ್ತರದ ಹುಡುಗಿಯರು. ಶಟಲ್ಲಿನ ಯಾವ ತುದಿಗೆ ಹೊಡೆಯಬೇಕೆಂದು ಅವನಿಗೆ ಇನ್ನೂ ಯಾರೂ ಹೇಳಿಕೊಟ್ಟಂತಿರಲಿಲ್ಲ.

ವಾನ್‌ಚಿಂಗ್ ಹಾಸ್ಟೆಲ್ ಕೋಣೆಗೆ ಬಂದಾಗ ಸೂಮೇ ಕಿಟಕಿಯ ಬಳಿ ಕುಳಿತು ಒಗೆದ ಶೂಗಳಿಗೆ ಲೇಸು ಪೋಣಿಸುತ್ತಿದ್ದಳು. ಒಂಬತ್ತು ವರ್ಷದಿಂದ ಇಬ್ಬರೂ ಒಂದೇ ಕೋಣೆ, ಒಂದೇ ಅಂಕಣ. ಸೂಮೇ ಕೈ ಚಾಚಿ ಹಾಳೆ ತೆಗೆದುಕೊಂಡು ಓದಿದಳು, ನಕ್ಕಳು.

"ಬರವಣಿಗೇಲಿ ಒಂದಕ್ಷರ ತಪ್ಪಿಲ್ಲ. ಹಾಗಾದ್ರೆ ಫಾನ್ ಬರೆದಿದ್ದಲ್ಲ, ಮೇಲಿನೋರು ಬರೆಸಿದ್ದು. ಓದ್ಬಿಡು. ನನ್ನ ಹೆಸ್ರು ನಿನ್ನೇನೇ ಪಟ್ಟಿಯಿಂದ ತೆಗೆದಾಯ್ತು. ಅಡುಗೆಮನೆಯೋರು ಊಟದ ಕಾರ್ಡೂ ಇಸ್ಕೊಂಡ್ರು. ನೀನು ಓದಿದ್ರೂ ನಾನು ಹೋಗ್ತೀನಿ, ಓದ್ದಿದ್ರೂ ಹೋಗ್ತೀನಿ."

"ನಿಂಗೆ ಕೋಪ ಬರಲ್ವೇನೇ?"

"ಬರುತ್ತೆ. ಓದಲ್ಲ ಅಂತಿದ್ರೆ ನೀನು ಅಲ್ಲೇ ಹರಿದು ಹಾಕಿ ಬರ್ತಿದ್ದೆ. ಇಲ್ಲಿವರೆಗೂ ತಂದಿದೀಯ ಅಂದ್ರೆ, ನನ್ನ ಬಾಯಿಂದ 'ಪರವಾಗಿಲ್ಲ' ಅನ್ನಿಸ್ಕೊಳ್ಳೋಕೆ. ಪರವಾಗಿಲ್ಲ, ಹೋಗು."

ವಾನ್‌ಚಿಂಗ್‌ಗೆ ಮುಖಕ್ಕೆ ಹೊಡೆದ ಹಾಗಾಯಿತು. ಹೋಗುವವಳಿಗೇನು, ಎಷ್ಟು ಬೇಕಾದರೂ ಮಾತಾಡಬಹುದು ಎಂದು ಒಳಗೊಳಗೇ ಬೈದುಕೊಂಡಳು. ಓದುವುದು ಓದುತ್ತೇನೆ, ಆದರೆ ರೈಲು ನಿಲ್ದಾಣದ ಪ್ರಕಟಣೆಯ ಹಾಗೆ ಓದುತ್ತೇನೆ. ಇದು ನನ್ನ ಮಾತಲ್ಲವೆಂದು ಕಿವಿ ಇದ್ದವರಿಗೆಲ್ಲ ಗೊತ್ತಾಗಲಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮೂರು ಗಂಟೆಗೆ ಸಭಾಂಗಣದಲ್ಲಿ ನಲವತ್ತು ಜನ. ಮೊದಲು ಸೂಮೇ ಎದ್ದಳು. ಅವಳ ಕೈಯಲ್ಲಿ ಹಾಳೆಯೇ ಇರಲಿಲ್ಲ. "ನಿಲ್ಲು ಅಂದ ಜಾಗದಲ್ಲಿ ನಿಂತೆ. ಸೋತೆ" ಎಂದವಳೇ ಕುಳಿತಳು. ಪೆಂಗ್ ಬಿಸಿನೀರಿನ ಲೋಟದಿಂದ ತಲೆ ಎತ್ತುವಷ್ಟರಲ್ಲಿ ಮುಗಿದೇ ಹೋಗಿತ್ತು. ಫಾನ್ ಕೆಮ್ಮಿದ.

ವಾನ್‌ಚಿಂಗ್ ಎದ್ದು ಅಂದುಕೊಂಡಂತೆಯೇ ನೀರಸವಾಗಿ ಶುರುಮಾಡಿದಳು. ನಾಲ್ಕು ಸಾಲು ಮುಗಿಯುವಾಗ ಪೆಂಗ್ ತಲೆಯಾಡಿಸಿದ. ಅವಳ ದನಿಗೆ ತುಸು ಬಿಸಿ ಬಂತು. 'ಮನೋಬಲ' ಎಂಬಲ್ಲಿ ಗಂಟಲು ಹದವಾಗಿ ನಡುಗಿತು. ಹಾಳೆ ಮುಗಿಯಿತು, ಅವಳು ಮುಗಿಸಲಿಲ್ಲ. "ಅವಳ ಮೇಲಿನ ಪ್ರೀತಿಯಿಂದ ಸುಮ್ಮನಿದ್ದೆ. ನನ್ನ ಪ್ರೀತಿ ತಂಡಕ್ಕಿಂತ ದೊಡ್ಡದಾಯಿತು. ಕ್ಷಮಿಸಿ" ಎಂದಳು. ಅದು ಯಾರೂ ಬರೆದುಕೊಟ್ಟದ್ದಲ್ಲ. ಪೆಂಗ್ ಪೆನ್ನು ತೆಗೆದು ಆ ಮಾತನ್ನು ಗುರುತುಹಾಕಿಕೊಂಡ. ಆಮೇಲೆ ಚಪ್ಪಾಳೆ ತಟ್ಟಿದ. ನಲವತ್ತು ಜನವೂ ತಟ್ಟಿದರು. ಸೂಮೇ ಮೊದಲ ಬಾರಿಗೆ ಅವಳತ್ತ ತಿರುಗಿ ನೋಡಿದಳು. ಅದು ಕೋಪದ ನೋಟವಲ್ಲ. ಎದುರಾಳಿ ಹಿಂದೆಂದೂ ಆಡದ ಹೊಡೆತವೊಂದನ್ನು ಆಡಿದಾಗ ಅಂಕಣದಲ್ಲಿ ನೋಡುತ್ತಿದ್ದಳಲ್ಲ, ಹಾಗೆ.

ಸಭೆ ಮುಗಿದದ್ದೇ ಮೊದಲು ಹೊರಬಂದ ಶಿಯಾಲಾನ್ ಪಡಸಾಲೆಯಲ್ಲಿ ಕಾದು ನಿಂತಿದ್ದಳು. ಹದಿನೆಂಟು ತುಂಬಿದ, ವಾನ್‌ಚಿಂಗ್‌ಗಿಂತಲೂ ನಾಲ್ಕು ಬೆರಳು ಎತ್ತರದ ಹುಡುಗಿ. ಓಡಿ ಬಂದು ಅವಳ ಬ್ಯಾಗನ್ನು ತಾನೇ ಹೆಗಲಿಗೇರಿಸಿಕೊಂಡಳು.

"ಅಕ್ಕಾ, ಎಷ್ಟ್ ಚೆನ್ನಾಗಿ ಓದಿದ್ರಿ! ಕೊನೇಗೆ ಆ ಪ್ರೀತಿ ಮಾತು ಬಂತಲ್ಲ, ಅದು ನಿಮ್ದೇನಾ?"

"ಹ್ಞೂಂ."

"ನಂಗೆ ಅದನ್ನ ಬರ್ಕೊಡ್ತೀರಾ?"

"ನಿಂಗ್ಯಾಕೆ?"

ಶಿಯಾಲಾನ್ ಕೊಂಕಿಲ್ಲದ ಮುಖದಲ್ಲಿ, ಅಂಥ ಪ್ರಶ್ನೆಯೂ ಒಂದು ಪ್ರಶ್ನೆಯೇ ಎಂಬಂತೆ ನಕ್ಕಳು.

"ಒಂದಲ್ಲ ಒಂದಿನ ನಾವೂ ಸೋಲ್ತೀವಲ್ಲ ಅಕ್ಕ. ಆಗ ನಿಮ್ಮ ಬಗ್ಗೆ ಓದೋಕೆ ಬೇಕಾಗುತ್ತೆ."